ಒಂದೇ ತಟ್ಟೆಯಲ್ಲಿ ಮೇಯ್ದ ಹುಳುಗಳು

ಎರಡನೆಯ ಮಹಾಯುದ್ಧಕ್ಕೆ ಐದಾರು ವರ್ಷ ಮೊದಲಿನ ಆ ಬೇಸಿಗೆಯಲ್ಲಿ ಟೇಕಲ್ ಬೆಟ್ಟದ ಸುತ್ತಿನ ಹಳ್ಳಿಗಳಲ್ಲಿ ಗುದ್ದಲಿಯ ಸದ್ದು ಕೇಳುತ್ತಿದ್ದದ್ದು ಬಿತ್ತನೆಗೆ ನೆಲ ಹಸನು ಮಾಡುವುದಕ್ಕಲ್ಲ. ಹಿಪ್ಪುನೇರಳೆ ಗಿಡಗಳನ್ನು ಬೇರು ಸಮೇತ ಅಗೆದು ಹಾಕುವುದಕ್ಕೆ. ಜಪಾನು, ಚೀನಾಗಳಿಂದ ಹಡಗಿನಲ್ಲಿ ಬರುತ್ತಿದ್ದ ರೇಷ್ಮೆ ನಮ್ಮ ರೇಷ್ಮೆಗಿಂತ ಅಗ್ಗವಾಗಿತ್ತು. ಅದರ ಮೇಲೆ ಮರದ ತಿರುಳಿನಿಂದ ಮಾಡಿದ ನಕಲಿ ರೇಷ್ಮೆ ಬೇರೆ ಬಂದಿತ್ತು. ಬೆಂಗಳೂರಿನ ಮಗ್ಗದವರು ಆ ನೂಲನ್ನೇ ಕೊಳ್ಳತೊಡಗಿದರು. ನೂಲು ಬಿಚ್ಚುವವರು ನಮ್ಮ ಗೂಡು ನೋಡಿ ಮುಖ ತಿರುಗಿಸಿದರು. ಮಾಲೂರು ಸಂತೆಗೆ ಗೂಡು ಹೊತ್ತು ಹೋದವರು ಎಷ್ಟೋ ಸಲ ಕೇಳುವವರಿಲ್ಲದೆ ಹಾಗೇ ಹೊತ್ತು ತಂದರು.

ಟೇಕಲ್ ಸ್ಟೇಷನ್ನಿಂದ ನಡೆದು ಹೋಗುವಷ್ಟು ದೂರದ ದೊಡ್ಡಮರದಹಳ್ಳಿಯಲ್ಲಿ ಆವಲಮ್ಮನ ಹಿಪ್ಪುನೇರಳೆ ತೋಟ ಇನ್ನೂ ಉಳಿದಿತ್ತು. ತೋಟವೆಂದರೆ ದೊಡ್ಡದೇನಲ್ಲ, ಬಾವಿಯ ಪಕ್ಕದ ಅರ್ಧ ಎಕರೆ. ಮದುವೆಯಾಗಿ ಬಂದ ವರ್ಷ ಅತ್ತೆ ಅಕ್ಕಯಮ್ಮನ ಜೊತೆ ಅವಳೇ ಕಡ್ಡಿ ನೆಟ್ಟು, ಬಿಂದಿಗೆಯಲ್ಲಿ ನೀರು ಹೊತ್ತು ಬೆಳೆಸಿದ್ದಳು. ಉಳಿದ ಹೊಲದ ರಾಗಿ ಆರೇಳು ತಿಂಗಳು ಹೊಟ್ಟೆಗೆ ಸಾಕಾಗುತ್ತಿತ್ತು. ಮಿಕ್ಕ ತಿಂಗಳ ಕಾಳು, ಸೀರೆ, ಉಪ್ಪು, ದೀಪದ ಎಣ್ಣೆ, ನೇಗಿಲಿನ ಕಬ್ಬಿಣ, ಇವೆಲ್ಲ ಹುಳುವಿನಿಂದಲೇ ಬರಬೇಕು.

ಅವಳ ಗಂಡ ಗಂಗುಲಪ್ಪ ತನ್ನ ತೀರ್ಮಾನ ಹೇಳಿಬಿಟ್ಟಿದ್ದ. ಹುಳುವಿನ ಈ ಬೆಳೆಯೊಂದನ್ನು ನೋಡುವುದು. ಇದೂ ಕೈಕೊಟ್ಟರೆ ಮುಂಗಾರಿನಲ್ಲೇ ತೋಟ ಕಿತ್ತು ಆ ನೆಲಕ್ಕೂ ರಾಗಿ ಎರಚುವುದು, ತಾನು ಚಿನ್ನದ ಗಣಿಗೆ ಕೂಲಿ ಹೋಗುವುದು. ಕೋಪದಲ್ಲಿ ಹೇಳಿದ್ದರೆ ಆವಲಮ್ಮ ಅಷ್ಟು ಹೆದರುತ್ತಿರಲಿಲ್ಲ. ಎತ್ತಿಗೆ ಹುಲ್ಲು ಹಾಕುತ್ತಾ ತಣ್ಣಗೆ ಹೇಳಿದ್ದ.

ಹಾಗಿರುವಾಗ ರೇಷ್ಮೆ ಇಲಾಖೆಯ ರಾಮಚಂದ್ರಪ್ಪನವರು ಸೈಕಲ್ಲು ತುಳಿದುಕೊಂಡು ಊರಿಗೆ ಬಂದರು. ಹಳ್ಳಿ ಹಳ್ಳಿ ಸುತ್ತಿ ಹುಳು ಸಾಕುವ ಹೊಸ ಕ್ರಮ ತೋರಿಸಿಕೊಡುವುದು ಅವರ ಕೆಲಸ. ಚಾವಡಿಯಲ್ಲಿ ಗಂಡಸರನ್ನು ಕೂರಿಸಿ ಎರಡು ಸುದ್ದಿ ಹೇಳಿದರು. ಪರದೇಶದ ರೇಷ್ಮೆಯ ಮೇಲೆ ದಿಲ್ಲಿ ಸರ್ಕಾರ ಸುಂಕ ಏರಿಸಿದೆ. ಅದು ದುಬಾರಿಯಾದರೆ ಮಗ್ಗದವರು ಮತ್ತೆ ನಮ್ಮ ನೂಲಿನ ಕಡೆ ತಿರುಗುತ್ತಾರೆ. ಅದರ ಜೊತೆಗೆ, ಮೈಸೂರು ಸರ್ಕಾರ ಪರೀಕ್ಷೆ ಮಾಡಿದ ರೋಗವಿಲ್ಲದ ಮೊಟ್ಟೆಗಳನ್ನು, ಖರ್ಚಿನ ಒಂದು ಭಾಗ ತಾನೇ ಹೊತ್ತು, ಕಡಿಮೆ ಬೆಲೆಗೆ ಕೊಡುತ್ತದೆ.

ಗಂಗುಲಪ್ಪನಿಗೆ ನಂಬಿಕೆ ಬರಲಿಲ್ಲ. ಎಲ್ಲರೆದುರಿಗೇ ಕೇಳಿದ.

"ಸುಂಕ ಬೊಂಬಾಯಿ ಹಡಗಿಗೆ ಹಾಕವ್ರೆ ಸ್ವಾಮಿ. ಅದು ಟೇಕಲ್‌ಗೆ ಬರೋ ಹೊತ್ಗೆ ನಾವಿರ್ತೀವಾ?"

ಗಂಡಸರು ನಕ್ಕರು. ರಾಮಚಂದ್ರಪ್ಪನವರೂ ನಕ್ಕರು. ಆಮೇಲೆ ನಿಧಾನವಾಗಿ ಹೇಳಿದರು. ಸುಂಕ ಬೆಲೆಯನ್ನು ಎತ್ತಬಲ್ಲದೇ ಹೊರತು ತಟ್ಟೆಯಲ್ಲಿ ಸಾಯುವ ಹುಳುವನ್ನು ಬದುಕಿಸಲಾರದು. ಗೂಡಿದ್ದವನಿಗೆ ಮಾತ್ರ ಬೆಲೆ. ಅದಕ್ಕೇ ಮೊಟ್ಟೆ ಬದಲಾಗಬೇಕು. ಹೊಸ ಮೊಟ್ಟೆ ತಂದವರು ಮನೆಯ ಹಳೆಯ ಮೊಟ್ಟೆಯನ್ನು ಅದರ ಹತ್ತಿರವೂ ಸೇರಿಸಬಾರದು, ತಟ್ಟೆಗಳನ್ನು ಬಿಸಿಲಿಗೆ ಹಾಕಿ ತೊಳೆಯಬೇಕು. ಹೀಗೆ ಇನ್ನೂ ಕೆಲವು ಮಾತು. ಅಷ್ಟು ಹೊತ್ತಿಗೆ ಗಂಡಸರ ಗಮನ ಬೆಲೆಯ ಸುದ್ದಿಯಲ್ಲೇ ನಿಂತಿತ್ತು.

ಗಂಗುಲಪ್ಪ ಮೊಟ್ಟೆ ಅಂಟಿದ ಹಾಳೆಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದು ಹೆಂಡತಿಯ ಕೈಗೆ ಕೊಟ್ಟ. ಚಾವಡಿಯಲ್ಲಿ ಕೇಳಿದ್ದನ್ನೆಲ್ಲ ಹೇಳಿದ: ಸುಂಕ, ಹಡಗು, ಜಪಾನು, ಮಗ್ಗದವರು. ಹುಳು ಸಾಕುವುದು ಹೇಗೆ ಅಂತ ಏನಂದರು ಎಂದು ಆವಲಮ್ಮ ಕೇಳಿದಾಗ ತಲೆ ಕೆರೆದುಕೊಂಡ. "ಚೊಕ್ಕವಾಗಿ ನೋಡ್ಕೊಳ್ಳಿ ಅಂದ್ರು" ಎಂದ. ಹುಳು ಸಾಕುವುದು ಹೆಂಗಸರ ಕೆಲಸ, ಹೆಂಗಸರಿಗೆ ಗೊತ್ತೇ ಇರುತ್ತದೆ ಎಂದು ಅವನ ಎಣಿಕೆ.

ಆ ದಿನ ಚಾವಡಿಯ ಮೆಟ್ಟಿಲ ಕೆಳಗೆ ಒಬ್ಬಳೇ ಒಬ್ಬ ಹೆಂಗಸು ಕೂತಿದ್ದಳು. ಅವಳು ಕದಿರಮ್ಮ. ಮುಳಬಾಗಿಲಿನ ಆಚೆ ಹುಟ್ಟಿ, ಈ ಊರಿಗೆ ಸೊಸೆಯಾಗಿ ಬಂದು, ಗಂಡ ತೀರಿಕೊಂಡ ಮೇಲೆ ತಾನೇ ತೋಟ ನಡೆಸುತ್ತಿದ್ದಳು. ಗಂಡಸರ ನಡುವೆ ಬಂದು ಕೂತಳು ಎಂದು ಊರು ಆಡಿಕೊಂಡಿತು. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಮಾರನೆಯ ಬೆಳಗ್ಗೆ ಬಾವಿಯ ಹತ್ತಿರ ಆವಲಮ್ಮ ಎತ್ತಿಗೆ ಹುಲ್ಲು ಕೊಯ್ಯುತ್ತಿದ್ದಾಗ ತಾನಾಗಿ ಬಂದು ನಿಂತಳು.

"ಆವಲಕ್ಕಾ, ನಿಮ್ಮತ್ತೆ ಮನೆ ಮೊಟ್ಟೆನೂ ಇಟ್ಟವ್ಳಾ?"

"ಇಡ್ದೆ ಇರ್ತಾಳಾ? ಮನೆ ಹುಳ ಬಿಟ್ರೆ ಮನೆ ಬಿಟ್ಟಂಗೆ ಅಂತಾಳೆ."

"ಈ ಸಾರಿ ಬೇಡ ಕಣಕ್ಕಾ. ಬೆರೆಸ್ಬೇಡ್ರಿ ಅಂತ ಅವರು ಒತ್ತಿ ಹೇಳಿದ್ರು. ನಾನು 'ಎಂದುಕು ಸಾಮಿ', ಯಾಕೆ ಅಂತ ಕೇಳ್ದೆ. ಮನೆ ಹುಳದಾಗೆ ರೋಗ ಇದ್ರೆ ಹೊಸ ಹುಳಕ್ಕೂ ಹತ್ತುತ್ತಂತೆ."

ಆವಲಮ್ಮನಿಗೆ ಸ್ವಲ್ಪ ಸಿಟ್ಟು ಬಂತು. "ನಮ್ಮನೆ ಹುಳದಾಗೆ ರೋಗ ಇಲ್ಲಮ್ಮ. ನಿಮ್ಮನೇದು ನೋಡ್ಕೊ."

"ನಮ್ಮನೇದು ಒಲೆಗೆ ಹಾಕ್ಬುಟ್ಟೆ" ಎಂದಳು ಕದಿರಮ್ಮ, ಹುಲ್ಲಿನ ಪುಟ್ಟಿಯನ್ನು ತಲೆಗೆ ಎತ್ತಿಕೊಡುತ್ತಾ.

ದಾರಿಯುದ್ದಕ್ಕೂ ಆವಲಮ್ಮನಿಗೆ ಆ ಮಾತು ಚುಚ್ಚುತ್ತಲೇ ಇತ್ತು. ನಿಜ ಹೇಳಬೇಕೆಂದರೆ ಅವರ ಮನೆಯಲ್ಲಿ ಪ್ರತಿ ಬೆಳೆಗೂ ಒಂದಿಷ್ಟು ಹುಳು ಸೊರಗಿ ಸಾಯುತ್ತಿದ್ದವು. ಅಕ್ಕಯಮ್ಮ ಅವನ್ನು ಬಾಚಿ ತಿಪ್ಪೆಗೆ ಹಾಕುತ್ತಾ ಅದು ದೇವರ ಪಾಲು ಎನ್ನುತ್ತಿದ್ದಳು. ಇತ್ತೀಚಿನ ವರ್ಷಗಳಲ್ಲಿ ದೇವರ ಪಾಲು ಬೆಳೆಯುತ್ತಲೇ ಬಂದಿತ್ತು.

ಅಕ್ಕಯಮ್ಮ ಕೆಟ್ಟವಳಲ್ಲ. ಊರಿನಲ್ಲಿ ಅವಳಷ್ಟು ಹಗುರ ಕೈಯಿಂದ ಹುಳು ಎತ್ತುವವರು ಯಾರೂ ಇರಲಿಲ್ಲ. ಒಳ್ಳೆಯ ಗೂಡುಗಳನ್ನು ಆರಿಸಿ, ದಾರದಲ್ಲಿ ಪೋಣಿಸಿ, ತೊಲೆಗೆ ಇಳಿಬಿಟ್ಟು, ಚಿಟ್ಟೆ ಹೊರಬಂದು ಮೊಟ್ಟೆಯಿಡುವವರೆಗೆ ಕಾಯುವುದನ್ನು ಅವಳು ತನ್ನ ಅತ್ತೆಯಿಂದ ಕಲಿತಿದ್ದಳು. ಆ ಸಂತತಿ ಕಡಿದುಹೋಗದಂತೆ ಇಷ್ಟು ವರ್ಷ ಕಾಪಾಡಿದ್ದಳು. ಅವಳ ಲೆಕ್ಕದಲ್ಲಿ ಹೊರಗಿನಿಂದ ಬಂದ ಹುಳು ಹೊಸ ಸೊಸೆಯ ಹಾಗೆ. ಅವರ ಮನೆಗಳಲ್ಲಿ ಹೊಸ ಸೊಸೆ ಬಂದ ದಿನ ಮನೆಯ ಹೆಂಗಸರೆಲ್ಲ ಅವಳ ಜೊತೆ ಒಂದೇ ತಟ್ಟೆಯಲ್ಲಿ ಕೈಯಿಟ್ಟು ಉಣ್ಣುತ್ತಾರೆ; ಆಗಲೇ ಅವಳು ಮನೆಯವಳಾಗುವುದು. ಹುಳುವಿಗೂ ಹಾಗೇ ಮಾಡಬೇಕು. ಮನೆಯ ಹುಳು ಒಂದು ಹಿಡಿ, ಹೊಸ ಹುಳುವಿನ ಜೊತೆ, ಒಂದೇ ತಟ್ಟೆಯಲ್ಲಿ ಮೊದಲ ಸೊಪ್ಪು ತಿನ್ನಬೇಕು.

ಮೊಟ್ಟೆ ಒಡೆದು ಕೂದಲೆಳೆಯಂಥ ಮರಿಗಳು ಹೊರಬಂದ ದಿನ ಆವಲಮ್ಮ ಧೈರ್ಯ ಮಾಡಿ ಕದಿರಮ್ಮ ಹೇಳಿದ್ದನ್ನು ಹೇಳಿದಳು. ಅಕ್ಕಯಮ್ಮ ಕೋಳಿಗರಿಯಿಂದ ಮರಿಗಳನ್ನು ಸವರುತ್ತಿದ್ದವಳು ತಲೆ ಎತ್ತಲಿಲ್ಲ.

"ನೀನು ಬಂದಾಗ ನಿಂಗೂ ನಮ್ಮ ತಟ್ಟೆಯಾಗೇ ಇಕ್ಕಿದ್ವಿ. ರೋಗ ಬಂತಾ ನಿಂಗೆ?"

ಒಂದು ಹಿಡಿ ತಾನೇ, ಎಂದು ಆವಲಮ್ಮ ತನಗೆ ತಾನೇ ಹೇಳಿಕೊಂಡಳು. ಅತ್ತೆಯ ಮನಸ್ಸು ನೋಯಿಸುವುದಕ್ಕಿಂತ ಅದೇ ಸುಲಭವಾಗಿತ್ತು. ಗರಿಯ ತುದಿಯಲ್ಲಿ ಮನೆಯ ಮರಿಗಳು ಹೊಸ ಮರಿಗಳ ನಡುವೆ ಬಿದ್ದವು. ಎಳೆಯ ಸೊಪ್ಪಿನ ಚೂರಿನ ಮೇಲೆ ಎಲ್ಲವೂ ಒಂದೇ ರೀತಿ ಹರಿದಾಡಿದವು.

ಹುಳು ಇರುವ ಮನೆಗೆ ಹೊರಗಿನವರು ಬರಬಾರದು ಎಂಬುದು ಈ ಸೀಮೆಯ ಕಟ್ಟು. ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದ್ದರೆ ನೆಂಟರೂ ಜಗಲಿಯಿಂದಲೇ ತಿರುಗಿ ಹೋಗುತ್ತಾರೆ. ರಾಮಚಂದ್ರಪ್ಪನವರು ಹುಳು ನೋಡಲು ಬಂದಾಗ ಅಕ್ಕಯಮ್ಮ ಹೊಸ್ತಿಲಿಗೆ ಅಡ್ಡಲಾಗಿ ನಿಂತಳು. ದೃಷ್ಟಿಯಾಗುತ್ತದೆ, ಒಳಗೆ ಬರಬೇಡಿ ಎಂದಳು. ಹುಳು ಹೇಗಿವೆ ಎಂದು ಅವರು ಕೇಳಿದರು. ಚೆನ್ನಾಗಿವೆ ಎಂದು ಗಂಗುಲಪ್ಪ ಹೇಳಿದ. ಅವರು ಜಗಲಿಯ ಮೇಲೆ ನಿಂತೇ ಒಂದು ಲೋಟ ಮಜ್ಜಿಗೆ ಕುಡಿದು ಸೈಕಲ್ ಹತ್ತಿದರು. ಒಳಗೆ ಕಂಬದ ಮರೆಯಲ್ಲಿದ್ದ ಆವಲಮ್ಮನಿಗೆ ಕೂಗಿ ಕರೆಯಬೇಕೆನ್ನಿಸಿತು. ಸೊಸೆಯಾದವಳು ಹಾಗೆ ಕೂಗುವುದು ಹೇಗೆ?

ಹುಳು ಪೊರೆ ಬಿಡುವ ಮುಂಚೆ ಮೇವು ಬಿಟ್ಟು ತಲೆಯೆತ್ತಿ ಮಲಗುತ್ತವೆ. ಅದಕ್ಕೆ ಇಲ್ಲಿಯವರು ಜ್ವರ ಎನ್ನುತ್ತಾರೆ. ಆರೋಗ್ಯವಾಗಿರುವ ಹುಳು ಎಲ್ಲವೂ ಒಟ್ಟಿಗೆ ಮಲಗಿ ಒಟ್ಟಿಗೆ ಏಳಬೇಕು. ಆವಲಮ್ಮನ ತಟ್ಟೆಯಲ್ಲಿ ಎರಡನೆಯ ಜ್ವರದ ಹೊತ್ತಿಗೇ ಕೆಲವು ಮಲಗಿದರೆ ಕೆಲವು ಇನ್ನೂ ಸೊಪ್ಪು ಹುಡುಕುತ್ತಿದ್ದವು. ಮೂರನೆಯ ಜ್ವರ ಬಿಟ್ಟಾಗ ಒಂದು ಹುಳು ಕಿರುಬೆರಳಿನಷ್ಟಿದ್ದರೆ ಪಕ್ಕದ್ದು ಅಕ್ಕಿಕಾಳಿನ ಗಾತ್ರ. ಆಮೇಲೆ ಮೈಮೇಲೆ ಕರಿಮೆಣಸಿನ ಪುಡಿ ಉದುರಿಸಿದಂತೆ ಚುಕ್ಕೆ ಕಾಣಿಸಿದವು. ಸೊಪ್ಪು ಹಾಕಿದರೆ ಹಾಕಿದ ಹಾಗೇ ಒಣಗುತ್ತಿತ್ತು. ತೋಟದಲ್ಲಿ ಎಲೆ ನಳನಳಿಸುತ್ತಿತ್ತು, ತಿನ್ನುವವರು ಇರಲಿಲ್ಲ. ಒಳ್ಳೆಯ ಬೆಳೆಯಿರುವ ಮನೆಯಲ್ಲಿ ಹುಳು ಸೊಪ್ಪು ಕಡಿಯುವ ಸದ್ದು ಜಡಿಮಳೆಯ ಹಾಗೆ ಕೇಳುತ್ತದೆ. ಆವಲಮ್ಮನ ಮನೆಯಲ್ಲಿ ಆ ಸದ್ದು ದಿನದಿನಕ್ಕೆ ಅಡಗುತ್ತಾ ಹೋಯಿತು. ಅಕ್ಕಯಮ್ಮ ಸಾಂಬ್ರಾಣಿ ಹಾಕಿದಳು. ಊರದೇವತೆ ಕುಪ್ಪಮ್ಮನಿಗೆ ಹರಕೆ ಕಟ್ಟಿದಳು. ದೇವರ ಪಾಲಿನ ಮಾತು ಮಾತ್ರ ಈ ಸಲ ಆಡಲಿಲ್ಲ.

ಅದೇ ವಾರ ಕದಿರಮ್ಮನ ಮನೆಯಲ್ಲಿ ಹುಳು ಹಣ್ಣಾಗಿ ಬಿದಿರು ಹೆಣೆದ ಚಂದ್ರಿಕೆಗೆ ಏರಿ ಗೂಡು ಕಟ್ಟಿದವು. ಮೊಟ್ಟೆ ಅದೇ, ಊರು ಅದೇ, ಬಾವಿಯ ನೀರೂ ಅದೇ. ಗಂಗುಲಪ್ಪ ಆ ಗೂಡುಗಳನ್ನು ನೋಡಿ ಬಂದು ಊಟ ಮಾಡದೆ ಮಲಗಿದ.

ಮರುದಿನ ರಾಮಚಂದ್ರಪ್ಪನವರ ಸೈಕಲ್ಲು ಕದಿರಮ್ಮನ ಮನೆಯ ಮುಂದೆ ನಿಂತಿದ್ದದ್ದು ಆವಲಮ್ಮನ ಕಣ್ಣಿಗೆ ಬಿತ್ತು. ಅವಳು ಯಾರನ್ನೂ ಕೇಳಲಿಲ್ಲ. ಬಾಗಿಲಿನ ಬೇವಿನ ಸೊಪ್ಪನ್ನು ತೆಗೆದು ಪಕ್ಕಕ್ಕಿಟ್ಟು, ಬೀದಿ ದಾಟಿ ಹೋಗಿ, "ಒಳಕ್ಕೆ ಬಂದು ನೋಡಿ ಸ್ವಾಮಿ" ಎಂದಳು. ಅಕ್ಕಯಮ್ಮ ಹೊಸ್ತಿಲಲ್ಲೇ ಇದ್ದಳು. ಸೊಸೆಯ ಮುಖ ನೋಡಿದಳು. ದಾರಿ ಬಿಟ್ಟಳು.

ರಾಮಚಂದ್ರಪ್ಪನವರು ತಟ್ಟೆಯ ಮುಂದೆ ಬಹಳ ಹೊತ್ತು ಕುಕ್ಕರಗಾಲಲ್ಲಿ ಕೂತರು. ಆಮೇಲೆ ಮೂಲೆಯಲ್ಲಿದ್ದ ಇನ್ನೊಂದು ತಟ್ಟೆಯನ್ನು ತೋರಿಸಿ ಇದು ಯಾವುದು ಎಂದು ಕೇಳಿದರು. ಮನೆಯ ಹುಳು ಎಂದಳು ಆವಲಮ್ಮ. ಇದರಿಂದ ಅದಕ್ಕೆ ಬೆರೆಸಿದಿರಾ ಎಂದರು. ಒಂದು ಹಿಡಿ, ಎಂದಳು ಆವಲಮ್ಮ. ಅವರು ಸೈಕಲ್ಲಿಗೆ ಕಟ್ಟಿದ್ದ ಮರದ ಪೆಟ್ಟಿಗೆಯಿಂದ ಸೂಕ್ಷ್ಮದರ್ಶಕ ತೆಗೆದು ಬಾಗಿಲ ಬೆಳಕಿಗೆ ಇಟ್ಟರು. ಮನೆಯ ತಟ್ಟೆಯಿಂದ, ನೋಡುವುದಕ್ಕೆ ಚೆನ್ನಾಗಿಯೇ ಇದ್ದ ಒಂದು ಹುಳುವನ್ನು ಆರಿಸಿ, ಒಂದು ತೊಟ್ಟು ನೀರಿನಲ್ಲಿ ಅರೆದು, ಗಾಜಿನ ಮೇಲೆ ಸವರಿದರು. ಮೊದಲು ತಾವು ನೋಡಿದರು. ಆಮೇಲೆ ಆವಲಮ್ಮನನ್ನು ಕರೆದರು.

ಒಂದು ಕಣ್ಣು ಮುಚ್ಚಿ ಬಗ್ಗಿದ ಅವಳಿಗೆ ಸಾಮೆಕಾಳುಗಳಂತೆ ಮಿಣಮಿಣ ಹೊಳೆಯುವ ಚಿಕ್ಕ ಚಿಕ್ಕ ಕಣಗಳು ಕಂಡವು, ಒಕ್ಕುವ ಕಣದಲ್ಲಿ ರಾಶಿ ಹಾಕಿದ ಹಾಗೆ.

"ಇದೇ ಗಂಟು ರೋಗದ ಬೀಜ, ತಾಯಿ" ಎಂದರು ರಾಮಚಂದ್ರಪ್ಪನವರು. "ಚಿಟ್ಟೆಯ ಹೊಟ್ಟೆಯಲ್ಲಿದ್ದರೆ ಮೊಟ್ಟೆಗೆ ಹೋಗುತ್ತೆ, ಮೊಟ್ಟೆಯಿಂದ ಮರಿಗೆ. ಮರಿ ಹಿಕ್ಕೆ ಹಾಕಿದ ಸೊಪ್ಪನ್ನ ಪಕ್ಕದ ಮರಿ ತಿಂದ್ರೆ ಅದಕ್ಕೂ. ಹುಳ ನೋಡೋದಕ್ಕೆ ಚೆನ್ನಾಗಿರುತ್ತೆ. ಕಣ್ಣಿಗೆ ಕಾಣೋದಿಲ್ಲ, ಅದೇ ಕಷ್ಟ."

ಸರ್ಕಾರದ ಮೊಟ್ಟೆಯಲ್ಲಿ ವಿಶೇಷವೇನು ಎನ್ನುವುದನ್ನೂ ಅವರು ಆಗ ಬಿಡಿಸಿ ಹೇಳಿದರು. ಮೊಟ್ಟೆಯಿಟ್ಟ ತಾಯಿಚಿಟ್ಟೆಯನ್ನು ಹೀಗೆಯೇ ಅರೆದು ನೋಡುತ್ತಾರೆ. ಈ ಕಣ ಕಂಡರೆ ಅದರ ಮೊಟ್ಟೆಯನ್ನು ಸುಡುತ್ತಾರೆ, ಕಾಣದಿದ್ದರೆ ಮಾತ್ರ ರೈತನಿಗೆ ಕೊಡುತ್ತಾರೆ. ನಿಮ್ಮ ಕೈಗೆ ಬಂದಾಗ ಅದು ಶುದ್ಧವಾಗಿತ್ತು ಎಂದರು. ಹೇಳುತ್ತಾ ಹೇಳುತ್ತಾ ಅವರ ದನಿ ಇಳಿಯಿತು.

"ಇದನ್ನ ಚಾವಡೀಲಿ ಹೇಳ್ದೆ, ಜಗಲೀಲಿ ನಿಂತು ಹೋದೆ. ತಟ್ಟೆ ಹಿಡಿಯೋ ಕೈಗೆ ಹೇಳ್ಲಿಲ್ಲ."

ಅಕ್ಕಯಮ್ಮ ಬಂದು ತಾನೂ ನೋಡಬೇಕೆಂದಳು. ಅವಳ ಕಣ್ಣಿಗೆ ಪೊರೆ ಬಂದಿತ್ತು, ಏನೂ ಕಾಣಲಿಲ್ಲ. ಸೊಸೆಯನ್ನು ಕೇಳಿದಳು. ಐತೆ ಅತ್ತೆ, ಎಂದಳು ಆವಲಮ್ಮ. ಮುದುಕಿ ಮನೆಯ ಹುಳುವಿನ ತಟ್ಟೆಯನ್ನು ತಾನೇ ಎತ್ತಿಕೊಂಡು ಹಿತ್ತಲಿಗೆ ನಡೆದಳು. ಗಂಗುಲಪ್ಪ ಗುಂಡಿ ತೋಡಿದ. ಮನೆಯವು, ಸರ್ಕಾರದವು, ಎಲ್ಲವನ್ನೂ ಅದರಲ್ಲಿ ಸುರಿದು ಸುಣ್ಣ ಹಾಕಿ ಮುಚ್ಚಿದರು. ಇನ್ನೂ ಜೀವವಿದ್ದ ಹುಳುಗಳು ಸುಣ್ಣದಡಿ ಮಿಸುಕುತ್ತಿದ್ದವು. ಅಕ್ಕಯಮ್ಮ ಬರಿಗೈಯಿಂದಲೇ ಮಣ್ಣೆಳೆದಳು.

"ನಮ್ಮತ್ತೆ ಕೊಟ್ಟಿದ್ದು" ಎಂದಳು. "ಬೆಳೆಬೆಳೆಗೂ ರೋಗಾನೇ ಸಾಕಿದ್ನಾ ನಾನು?"

ತಟ್ಟೆ, ಗೋಡೆ, ನೆಲ ಎಲ್ಲವನ್ನೂ ಔಷಧದ ನೀರಿನಿಂದ ತೊಳೆಯುವುದು ಹೇಗೆಂದು ರಾಮಚಂದ್ರಪ್ಪನವರು ಆವಲಮ್ಮನಿಗೆ ತೋರಿಸಿಕೊಟ್ಟರು. ಮುಂದಿನ ಬೆಳೆಗೆ ಮತ್ತೆ ಮೊಟ್ಟೆ ಕೊಡಿಸುತ್ತೇನೆ, ಖುದ್ದಾಗಿ ಬಂದು ನೋಡುತ್ತೇನೆ ಎಂದರು. ಆವಲಮ್ಮ ಗಂಡನ ಮುಖ ನೋಡಿದಳು.

ಅವರು ಹೋದ ಮೇಲೆ ಅವಳು ಕೇಳಿಕೊಂಡಳು. ಇನ್ನೊಂದೇ ಬೆಳೆ. ಈಗ ಕಾರಣ ತಿಳಿಯಿತಲ್ಲ, ಇನ್ನು ತಪ್ಪಾಗುವುದಿಲ್ಲ. ಗಂಗುಲಪ್ಪ ಜಗಲಿಯ ಅಂಚಿನಲ್ಲಿ ಕೂತು ಪೂರ್ತಿ ಕೇಳಿಸಿಕೊಂಡ.

"ನೀನ್ಹೇಳೋದು ದಿಟ ಕಣೇ" ಎಂದ ಕೊನೆಗೆ. "ಅವರು ಹೇಳಿದ್ದೂ ದಿಟ. ಆದ್ರೆ ಮಳೆ ಕಾಯಾಕಿಲ್ಲ. ಇನ್ನೊಂದು ಬೆಳೆ ಗಂಟ ಉಣ್ಣೋದೇನು, ನೀನೇ ಹೇಳು."

ಜ್ಯೇಷ್ಠದ ಮೊದಲ ಹದಮಳೆ ಬಿದ್ದಾಗ ಹಿಪ್ಪುನೇರಳೆ ಗಿಡಗಳನ್ನು ಕಿತ್ತರು. ಬೇರು ಆಳಕ್ಕೆ ಹೋಗಿತ್ತು. ಗಂಡ ಅಗೆದರೆ ಹೆಂಡತಿ ಎಳೆಯುತ್ತಿದ್ದಳು. ಕಡ್ಡಿಗಳನ್ನು ಕಟ್ಟು ಕಟ್ಟಿ ಸೌದೆಗೆ ಹಾಕಿದರು. ರಾಗಿ ಬಿತ್ತಿದ ಮೇಲೆ ಗಂಗುಲಪ್ಪ ಗಣಿಗೆ ಹೋದ.

ಸುಂಕದ ಫಲ ಸುಳ್ಳಾಗಲಿಲ್ಲ. ಆ ವರ್ಷ ಗೂಡಿನ ಬೆಲೆ ಮೆಲ್ಲಗೆ ಚೇತರಿಸಿಕೊಂಡಿತು. ಗೂಡಿದ್ದವರು ಮಾಲೂರು ಸಂತೆಯಿಂದ ಬರಿಗೈಯಲ್ಲಿ ಬರಲಿಲ್ಲ. ಮುಂದೆ ಪರದೇಶದ ರೇಷ್ಮೆ ಇನ್ನೂ ಅಗ್ಗವಾಗಿ ಬೆಲೆ ಮತ್ತೆ ಇಳಿಯಿತು, ಮತ್ತೆ ಏರಿತು. ಆಮೇಲೆ ಯುದ್ಧ ಬಂತು. ಜಪಾನಿನ ಹಡಗು ನಿಂತುಹೋದವು. ವಿಮಾನದಿಂದ ಧುಮುಕುವ ಸಿಪಾಯಿಗಳ ಕೊಡೆಗೆ ರೇಷ್ಮೆ ಬೇಕೆಂದು ಸರ್ಕಾರವೇ ಹುಡುಕಿಕೊಂಡು ಬಂತು. ಕೋಲಾರ, ಮಾಲೂರು, ಶ್ರೀನಿವಾಸಪುರದ ಕಡೆಯ ಹಳ್ಳಿಗಳಲ್ಲಿ ಯಾರೂ ಕಂಡು ಕೇಳರಿಯದ ಬೆಲೆಗೆ ಗೂಡು ಹೋಯಿತು. ತೋಟವಿದ್ದವರು ಹೆಂಚಿನ ಮನೆ ಕಟ್ಟಿಸಿದರು. ತೋಟ ಕಿತ್ತವರು ಹೊಸದಾಗಿ ಕಡ್ಡಿ ನೆಡಲು ಹೊರಟರು. ಕಡ್ಡಿ ಗಿಡವಾಗಿ, ಗಿಡ ಸೊಪ್ಪು ಕೊಡುವವರೆಗೆ ಕಾಯುವ ಶಕ್ತಿಯಿದ್ದವರಿಗೆ ಅದು ಸಾಧ್ಯವಾಯಿತು.

ಆವಲಮ್ಮನಿಗೆ ಆಗಲಿಲ್ಲ. ಅಷ್ಟರಲ್ಲಿ ಗಂಗುಲಪ್ಪ ಗಣಿಯ ಧೂಳು ಕುಡಿದು ಕೆಮ್ಮು ಹತ್ತಿಸಿಕೊಂಡು ಮನೆಗೆ ಬಂದಿದ್ದ. ಬಾವಿಯ ಪಕ್ಕದ ನೆಲದ ರಾಗಿಯನ್ನು ಬಿಟ್ಟರೆ ಹೊಟ್ಟೆಗಿಲ್ಲ. ಅವಳು ಕದಿರಮ್ಮನ ತೋಟದಲ್ಲಿ ಸೊಪ್ಪು ಬಿಡಿಸುವ ಕೂಲಿಗೆ ಹೋಗುತ್ತಿದ್ದಳು. ಕದಿರಮ್ಮ ಅವಳನ್ನು ಆಳಿನಂತೆ ನೋಡಲಿಲ್ಲ. ಹುಳು ಎತ್ತುವ ಕೆಲಸವನ್ನೂ ಅವಳಿಗೇ ಬಿಟ್ಟಿದ್ದಳು. ಊರಿನ ಹೊಸ ಸೊಸೆಯರು ಅಲ್ಲಿಗೆ ಬಂದು ಅವಳಿಂದ ಕಲಿಯುತ್ತಿದ್ದರು. ಯಾವ ಹುಡುಗಿ ಬಂದರೂ ಆವಲಮ್ಮ ಮೊದಲು ಕೇಳುತ್ತಿದ್ದದ್ದು ಒಂದೇ ಮಾತು, ನಿಮ್ಮನೇಲಿ ಹಳೇ ಮೊಟ್ಟೆ ಐತಾ ಎಂದು. ಇದೆ ಎಂದವರ ಜೊತೆ ಆಗಲೇ ಎದ್ದು, ಅವರ ಅತ್ತೆಯ ಹತ್ತಿರ ಮಾತಾಡಲು ಅವಳು ಹೊರಡುತ್ತಿದ್ದಳು. ಕೆಲವು ಮನೆಗಳಲ್ಲಿ ಅವಳ ಮಾತು ಕೇಳಿದರು. ಕೆಲವು ಮನೆಗಳಲ್ಲಿ ಬಾಗಿಲು ಹಾಕಿಕೊಂಡರು.

ಈ ಕಥೆಯನ್ನು ಕೇಳುತ್ತಿರುವ ಅಮ್ಮಂದಿರೇ, ಅಕ್ಕತಂಗಿಯರೇ, ನಿಮ್ಮ ಮನೆಯ ತೊಲೆಯಲ್ಲೂ ಬಿತ್ತನೆ ಗೂಡಿನ ದಾರ ತೂಗುತ್ತಿದ್ದರೆ ಅದನ್ನು ಇವತ್ತೇ ಇಳಿಸಿ. ಅದು ಹಿರಿಯರು ಕೊಟ್ಟದ್ದಿರಬಹುದು. ಅದರೊಳಗೆ ಏನಿದೆ ಎಂದು ಹಿರಿಯರಿಗೆ ಕಾಣುವಂತಿರಲಿಲ್ಲ. ಪರೀಕ್ಷೆಯಾದ ಮೊಟ್ಟೆಯನ್ನೇ ತನ್ನಿ, ಅದರ ತಟ್ಟೆಗೆ ಬೇರೆ ಒಂದು ಹುಳುವೂ ಬೀಳದಂತೆ ನೋಡಿಕೊಳ್ಳಿ. ಇಲಾಖೆಯವರು ಬಂದರೆ ಕೈಕಾಲು ತೊಳೆಸಿ ಒಳಗೆ ಕರೆಯಿರಿ, ತಟ್ಟೆ ತೋರಿಸಿ. ಗಂಡಸರೇ, ಚಾವಡಿಯಲ್ಲಿ ಹುಳುವಿನ ಮಾತು ನಡೆಯುವ ದಿನ ಹುಳು ಸಾಕುವವರನ್ನು ಕರೆದುಕೊಂಡು ಹೋಗಿ. ಸರ್ಕಾರ ಸುಂಕ ಹಾಕಲಿ, ಮೊಟ್ಟೆಯ ಬೆಲೆ ಇಳಿಸಲಿ, ಆ ನೆರವು ದೂರದಿಂದ ಬರುತ್ತದೆ, ನಿಮ್ಮ ಹೊಸ್ತಿಲಿನವರೆಗೆ ಮಾತ್ರ ಬರುತ್ತದೆ. ಅಲ್ಲಿಂದ ಒಳಗೆ ಅದನ್ನು ನೀವೇ ಕರೆದುಕೊಳ್ಳಬೇಕು. ಹೇಳಿದ್ದು ಅರ್ಥವಾಗದಿದ್ದರೆ ಏಕೆ ಎಂದು ಕೇಳಿ. ಯಾರು ನಕ್ಕರೂ ಕೇಳಿ. ಕಿತ್ತ ತೋಟ ಮತ್ತೆ ಚಿಗುರುವುದಿಲ್ಲ.